ಬಾಯಿಮಾತಿನ ಆಫರ್ ನಂಬಿ ಮಕ್ಕಳನ್ನು ಬೇರೆ ರಾಜ್ಯಕ್ಕೆ ಕಳಿಸುವುದು ಹೇಗೆ?

ಮಾನ್ಯ ಸಂಪಾದಕರೇ,

ನಾನು ಅರಸೀಕೆರೆ ತಾಲ್ಲೂಕಿನವಳು. ಮದುವೆಯಾಗಿ ಅಮೆರಿಕಕ್ಕೆ ಬಂದು 21 ವರ್ಷ ಆಯಿತು. ಟೆಕ್ಸಸ್‌ನ ಡಲ್ಲಾಸ್ ಪಕ್ಕದ ಒಂದು ಊರಲ್ಲಿ ಇದ್ದೇವೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ನಿಮ್ಮ ಪತ್ರಿಕೆಯನ್ನು ಫೋನಿನಲ್ಲಿ ಓದುವುದು ನನ್ನ ಅಭ್ಯಾಸ. ಇತ್ತೀಚೆಗೆ ಓದುಗರೊಬ್ಬರು ಇದೇ ಅಂಕಣದಲ್ಲಿ ಒಂದು ಪತ್ರ ಬರೆದಿದ್ದರು. ಅಮೆರಿಕದ ಕಾಲೇಜುಗಳು ಆಟಗಾರ ಮಕ್ಕಳನ್ನು ಮನೆ ಬಾಗಿಲಿಗೆ ಬಂದು ಕರೆದುಕೊಂಡು ಹೋಗಿ ಪುಕ್ಕಟೆ ಓದಿಸುತ್ತವೆ, ನಮ್ಮಲ್ಲೂ ಹಾಗೇ ಆಗಬೇಕು ಅಂತ. ಮನೆ ಬಾಗಿಲಿಗೆ ಬರುವುದು ನಿಜ, ನಾನೇ ಕಣ್ಣಾರೆ ನೋಡಿದ್ದೇನೆ. ಆಮೇಲೆ ಏನಾಯಿತು ಅನ್ನುವುದನ್ನೂ ನೋಡಿದ್ದೇನೆ. ಅದನ್ನು ಹೇಳದೆ ಸುಮ್ನೆ ಇರಲು ಮನಸ್ಸು ಒಪ್ಪಲಿಲ್ಲ.

ಇಲ್ಲಿ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಿನವರನ್ನು ಕೆಡವುವ ಆಟ. ಟೆಕ್ಸಸ್‌ನಲ್ಲಿ ಅದು ಆಟಕ್ಕಿಂತ ಜಾತ್ರೆ ಅಂದರೆ ಸರಿ. ಸಾವಿರಕ್ಕೂ ಹೆಚ್ಚು ಹೈಸ್ಕೂಲುಗಳು ಆಡುತ್ತವೆ. ಶುಕ್ರವಾರ ಸಂಜೆ ಆದರೆ ಊರಿಗೆ ಊರೇ ಸ್ಟೇಡಿಯಂ ಕಡೆ ಹೊರಡುತ್ತದೆ. ನಮ್ಮ ಹತ್ತಿರದ ಆಲೆನ್ ಊರಿನ ಹೈಸ್ಕೂಲ್ ಸ್ಟೇಡಿಯಂನಲ್ಲಿ 18,000 ಜನ ಕೂರಬಹುದು. 2012ರಲ್ಲಿ 6 ಕೋಟಿ ಡಾಲರ್ ಖರ್ಚು ಮಾಡಿ ಕಟ್ಟಿದರು, ಎರಡೇ ವರ್ಷಕ್ಕೆ ಕಾಂಕ್ರೀಟ್ ಬಿರುಕು ಬಿಟ್ಟು ಬಾಗಿಲು ಹಾಕಿ ರಿಪೇರಿ ಮಾಡಬೇಕಾಯಿತು, ಅದು ಬೇರೆ ಮಾತು. ಇಷ್ಟು ದೊಡ್ಡ ರಾಜ್ಯ, ಇಷ್ಟು ಹುಡುಗರು, ಶಾಲೆಯ ಕೋಚ್‌ಗಳಿಗೆ ಪೂರ್ತಿ ಸಂಬಳದ ಕೆಲಸ. ಹಾಗಾಗಿ ದೇಶದ ಮೂಲೆ ಮೂಲೆಯ ಕಾಲೇಜುಗಳು ಹುಡುಗರನ್ನು ಹುಡುಕಿಕೊಂಡು ಇಲ್ಲಿಗೆ ಬರುತ್ತವೆ. ಇಲ್ಲಿ ಬಿಟ್ಟರೆ ಫ್ಲೋರಿಡಾ, ಕ್ಯಾಲಿಫೋರ್ನಿಯಾ, ಜಾರ್ಜಿಯಾ.

ಬರಲೇಬೇಕು, ಅವರಿಗೂ ಬೇರೆ ದಾರಿ ಇಲ್ಲ. ನೆಬ್ರಾಸ್ಕಾ ರಾಜ್ಯವನ್ನೇ ನೋಡಿ. ಇಡೀ ರಾಜ್ಯದ ಜನಸಂಖ್ಯೆ ಸುಮಾರು 20 ಲಕ್ಷ, ಟೆಕ್ಸಸ್‌ನದು 3 ಕೋಟಿ ದಾಟಿದೆ. ಅಷ್ಟು ಚಿಕ್ಕ ರಾಜ್ಯದ ಲಿಂಕನ್ ಊರಿನಲ್ಲಿರುವ ನೆಬ್ರಾಸ್ಕಾ ಯೂನಿವರ್ಸಿಟಿಯ ಸ್ಟೇಡಿಯಂ 1962ರಿಂದ ಇಲ್ಲಿಯವರೆಗೆ ಪ್ರತಿ ಆಟಕ್ಕೂ ತುಂಬಿದೆ. ಆ ತಂಡದ ದೊಡ್ಡ ಹೆಸರುಗಳಲ್ಲಿ ಎಷ್ಟೋ ಜನ ಹೊರಗಿನ ಹುಡುಗರು. 1983ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದ ಮೈಕ್ ರೋಜಿಯರ್ ನ್ಯೂಜೆರ್ಸಿಯವನು. ಅವನ ಜೊತೆ ಆಡಿದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಟರ್ನರ್ ಗಿಲ್ ನಮ್ಮ ಪಕ್ಕದ ಫೋರ್ಟ್ ವರ್ತ್‌ನವನು. 1994, 1995 ಎರಡೂ ವರ್ಷ ರಾಷ್ಟ್ರಮಟ್ಟದ ಪಟ್ಟ ತಂದುಕೊಟ್ಟ ಟಾಮಿ ಫ್ರೇಜಿಯರ್ ಫ್ಲೋರಿಡಾದವನು. ಆ ಕಾಲದಲ್ಲಿ ಕೋಚ್‌ಗಳು ಆಟದ ಟೇಪುಗಳನ್ನು ಅಂಚೆಯಲ್ಲಿ ತರಿಸಿಕೊಂಡು ರಾತ್ರಿಯೆಲ್ಲ ನೋಡುತ್ತಿದ್ದರಂತೆ. ಈಗ ಪ್ರತಿ ಹುಡುಗನ ವಿಡಿಯೊ ಹಡ್ಲ್ ಅನ್ನುವ ತಾಣದಲ್ಲಿ ಸಿಗುತ್ತದೆ. ಅದು ಶುರುವಾಗಿದ್ದೂ ಅದೇ ಲಿಂಕನ್ ಊರಿನಲ್ಲೇ, 2006ರಲ್ಲಿ. ದೂರದ ಹುಡುಗರನ್ನು ನೋಡಬೇಕಾದ ಕಷ್ಟ ಗೊತ್ತಿದ್ದ ಊರು ಅಲ್ವಾ.

2011ರಲ್ಲಿ ನೆಬ್ರಾಸ್ಕಾ ಕಾಲೇಜು ಟೆಕ್ಸಸ್‌ನ ಕಾಲೇಜುಗಳಿದ್ದ ಲೀಗ್ ಬಿಟ್ಟು ಬೇರೆ ಲೀಗಿಗೆ ಹೋಯಿತು. ಮೊದಲು ಅವರು ವರ್ಷ ವರ್ಷ ಇಲ್ಲಿಗೆ ಬಂದು ಆಡುತ್ತಿದ್ದರು. ಮಗನ ಆಟವನ್ನು ಅಪ್ಪ ಅಮ್ಮ ಒಂದು ಸಲವಾದರೂ ಹತ್ತಿರದಿಂದ ನೋಡಬಹುದಿತ್ತು. ಅದು ತಪ್ಪಿದ ಮೇಲೆ ಇಲ್ಲಿಯ ಹುಡುಗರನ್ನು ಒಲಿಸುವುದು ಅವರಿಗೆ ಕಷ್ಟವಾಯಿತು ಅಂತ ಇಲ್ಲಿನವರು ಈಗಲೂ ಮಾತಾಡಿಕೊಳ್ಳುತ್ತಾರೆ. ನನಗೂ ಅದು ನಿಜ ಅನ್ನಿಸುತ್ತದೆ. ಹದಿನೇಳು ವರ್ಷದ ಹುಡುಗನನ್ನು ಸಾವಿರ ಕಿಲೋಮೀಟರ್ ದೂರ ಕಳಿಸುವ ತಾಯಿ ಮೊದಲು ಯೋಚನೆ ಮಾಡುವುದು, ನಾನು ಅವನನ್ನು ಯಾವಾಗ ನೋಡುವುದು ಅಂತಲೇ.

ಈಗ ನಾನು ನೋಡಿದ್ದನ್ನು ಹೇಳುತ್ತೇನೆ.

ನನ್ನ ಮಗ ಹೈಸ್ಕೂಲ್ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದ. ಅವನ ಗೆಳೆಯನೊಬ್ಬ ಫುಟ್‌ಬಾಲ್ ತಂಡದಲ್ಲಿದ್ದ, ಲೈನ್‌ಮನ್, ಅಂದರೆ ಮುಂದಿನ ಸಾಲಿನಲ್ಲಿ ನಿಂತು ಎದುರಿನವರನ್ನು ತಡೆಯುವವನು. ಆರೂವರೆ ಅಡಿ ಹುಡುಗ. ನಮ್ಮ ಅಡುಗೆಮನೆ ಬಾಗಿಲಲ್ಲಿ ತಲೆ ಬಗ್ಗಿಸಿ ಬರುತ್ತಿದ್ದ, ಚಿತ್ರಾನ್ನ ಅಂದರೆ ಪ್ರಾಣ. ತಂದೆ ಇಲ್ಲ. ತಾಯಿ ಆಸ್ಪತ್ರೆಯಲ್ಲಿ ನರ್ಸ್, ಜಾಸ್ತಿ ರಾತ್ರಿ ಪಾಳಿ. ಪ್ರಾಕ್ಟೀಸ್ ಮುಗಿಸಿ ಎಷ್ಟೋ ದಿನ ನಮ್ಮ ಮನೆಯಲ್ಲೇ ಊಟ ಮಾಡಿ ಹೋಗುತ್ತಿದ್ದ. ಅವನ ತಾಯಿಗೂ ನನಗೂ ಹಾಗೇ ಸ್ನೇಹವಾಯಿತು.

11ನೇ ಕ್ಲಾಸಿನಲ್ಲಿ ಅವನಿಗೆ ಸ್ಕಾಲರ್‌ಶಿಪ್ ಕೊಡುತ್ತೇವೆ ಅನ್ನುವ ಆಫರ್‌ಗಳು ಬರಲು ಶುರುವಾದವು. ದೂರದ ಒಂದು ರಾಜ್ಯದ ಕಾಲೇಜು ತುಂಬಾ ಆಸೆ ತೋರಿಸಿತು. ಆ ಕಾಲೇಜಿನ ಹೆಸರು ಬೇಡ. ಪ್ರತಿ ವಾರ ಫೋನು, ಮೆಸೇಜು, ಕೈಯಲ್ಲಿ ಬರೆದ ಕಾರ್ಡುಗಳು. ಜೂನ್‌ನಲ್ಲಿ ಅವನನ್ನೂ ತಾಯಿಯನ್ನೂ ಕರೆಸಿಕೊಂಡು ಎರಡು ದಿನ ಇರಿಸಿಕೊಂಡರು. ಇದಕ್ಕೆ ಅಫಿಷಿಯಲ್ ವಿಸಿಟ್ ಅನ್ನುತ್ತಾರೆ, ಖರ್ಚು ಕಾಲೇಜಿನದು. ಅವನ ಹೆಸರು ಬರೆದ ಜೆರ್ಸಿ ಹಾಕಿಸಿ ಫೋಟೊ ತೆಗೆದರು. ಅಲ್ಲಿಂದ ಬರುವಾಗಲೇ ಹುಡುಗ ಮಾತು ಕೊಟ್ಟು ಬಂದ. ಇಲ್ಲಿಯ ಭಾಷೆಯಲ್ಲಿ ಕಮಿಟ್ ಆದ. ಆಮೇಲೆ ಬೇರೆ ಕಾಲೇಜಿನವರು ಫೋನ್ ಮಾಡಿದರೆ, ನಾನು ಕಮಿಟ್ ಆಗಿದ್ದೇನೆ ಸರ್, ಥ್ಯಾಂಕ್ಸ್ ಅಂತ ಹೇಳಿ ಇಡುತ್ತಿದ್ದ. ಹಾಗೆ ಹೇಳುವುದನ್ನು ನಾನೇ ಎರಡು ಸಲ ಕೇಳಿಸಿಕೊಂಡಿದ್ದೇನೆ. ನಾಲ್ಕು ಕಾಲೇಜು ಹಾಗೆ ಕೈ ಬಿಟ್ಟವು.

ಆ ಕಾಗದಗಳನ್ನೆಲ್ಲ ತಾಯಿ ಒಂದು ನೀಲಿ ಪ್ಲಾಸ್ಟಿಕ್ ಫೋಲ್ಡರ್‌ನಲ್ಲಿ ಇಟ್ಟುಕೊಂಡಿದ್ದರು. ಹೈಸ್ಕೂಲಿನ ಕೊನೆಯ ವರ್ಷ ಶುರುವಾಗುವ ಮುಂಚೆ, ಆಗಸ್ಟ್ 1ರಿಂದ, ಕಾಲೇಜುಗಳು ಆಫರನ್ನು ಬರವಣಿಗೆಯಲ್ಲಿ ಕೊಡಬಹುದು. ಅದೂ ಬಂತು. ದಪ್ಪ ಕಾಗದ, ಮೇಲೆ ಬಣ್ಣದ ಲೋಗೊ. ಅವರು ನನ್ನ ಕೈಗೆ ಕೊಟ್ಟು ಓದಲು ಹೇಳಿದರು. ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದೆ. ನಿನ್ನನ್ನು ನಮ್ಮ ಕುಟುಂಬಕ್ಕೆ ಸ್ವಾಗತಿಸಲು ಹೆಮ್ಮೆ ಅಂತೆಲ್ಲ ಇತ್ತು. ಕಾಲೇಜನ್ನು ಕಟ್ಟಿಹಾಕುವ ಒಂದು ಸಾಲೂ ಇರಲಿಲ್ಲ. ಅವರ ಮುಖದಲ್ಲಿ ಅಷ್ಟು ಸಂತೋಷ ಇತ್ತು, ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಿತ್ತು.

2022ರ ಡಿಸೆಂಬರ್ ಮೊದಲ ವಾರ ಕೋಚ್ ಮನೆಗೇ ಬಂದರು. ಆ ತಾಯಿ ಒಬ್ಬರೇ ಇರಲು ಹೆದರಿ ನನ್ನನ್ನೂ ಕರೆದಿದ್ದರು. ಕೋಚ್ ಒಳ್ಳೆಯ ಮನುಷ್ಯರ ಹಾಗೇ ಕಂಡರು. ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದರು. ಅಜ್ಜಿಯ ಫೋಟೊ ನೋಡಿ ಕೇಳಿದರು. ತಟ್ಟೆಯಲ್ಲಿ ಹಾಕಿದ್ದನ್ನು ಪೂರ್ತಿ ತಿಂದರು. ನಿಮ್ಮ ಮಗನನ್ನು ನನ್ನ ಮಗನ ಹಾಗೆ ನೋಡ್ಕೊಳ್ತೀನಿ, ನೀವು ಯೋಚನೆ ಮಾಡಬೇಡಿ ಅಂದರು. ತಾಯಿ ಒಂದೇ ಪ್ರಶ್ನೆ ಕೇಳಿದ್ದು, ಅವನ ಸ್ಕಾಲರ್‌ಶಿಪ್ ಗಟ್ಟಿ ತಾನೇ ಅಂತ. ಗಟ್ಟಿ ಅಂದರು. ನಾನು ಪಕ್ಕದಲ್ಲೇ ಕೂತಿದ್ದೆ.

ಬಾಯಿಮಾತು ಒಪ್ಪಂದವಾಗಿ ಸಹಿ ಹಾಕುವ ದಿನ ಡಿಸೆಂಬರ್ 21. ಇಲ್ಲಿ ಅದೊಂದು ಹಬ್ಬ. ಶಾಲೆಯ ಜಿಮ್‌ನಲ್ಲಿ ಉದ್ದ ಟೇಬಲ್ ಹಾಕುತ್ತಾರೆ, ಹುಡುಗರು ಸಾಲಾಗಿ ಕೂರುತ್ತಾರೆ, ಎದುರಿಗೆ ಅವರವರ ಕಾಲೇಜಿನ ಟೋಪಿ. ಇವನ ತಾಯಿ ಟೋಪಿ ತಂದಿಟ್ಟಿದ್ದರು, ಕೇಕಿಗೂ ಹೇಳಿದ್ದರು. ನಾಲ್ಕು ದಿನ ಇದೆ ಅನ್ನುವಾಗ ಫೋನ್ ಬಂತು. ಟ್ರಾನ್ಸ್‌ಫರ್ ಪೋರ್ಟಲ್‌ನಿಂದ, ಅಂದರೆ ಕಾಲೇಜು ಬದಲಿಸುವ ಆಟಗಾರರು ಹೆಸರು ಹಾಕುವ ಪಟ್ಟಿಯಿಂದ, ಬೇರೆ ಕಾಲೇಜಿನ ಅನುಭವಿ ಲೈನ್‌ಮನ್ ಒಬ್ಬ ಸಿಕ್ಕಿದ್ದಾನೆ, ಹಾಗಾಗಿ ಸ್ಕಾಲರ್‌ಶಿಪ್ ಈ ವರ್ಷ ಕೊಡಲು ಆಗುವುದಿಲ್ಲ, ಆದರೆ ನಿನಗೆ ಜಾಗ ಇದ್ದೇ ಇದೆ, ಪ್ರಿಫರ್ಡ್ ವಾಕ್-ಆನ್ ಆಗಿ ಬಾ ಅಂತ.

ಕೇಳಲು ಚೆನ್ನಾಗಿದೆ ಅಲ್ವಾ? ವಾಕ್-ಆನ್ ಅಂದರೆ ತಂಡದಲ್ಲಿ ಇರಬಹುದು, ಫೀಸು ಮಾತ್ರ ನೀನೇ ಕಟ್ಟಿಕೋ. ಅದೇ ರಾಜ್ಯದ ಹುಡುಗನಾದರೆ ಹೇಗೋ ಆಗುತ್ತದೆ. ನೆಬ್ರಾಸ್ಕಾದಂಥ ಕಡೆ ಹಳ್ಳಿ ಹುಡುಗರು ಹಾಗೆ ವಾಕ್-ಆನ್ ಆಗಿ ಬಂದು ಬೆಳೆದು ತಂಡದ ಬೆನ್ನೆಲುಬಾಗಿರುವುದೂ ಇದೆ. ಆದರೆ ಇಲ್ಲಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬೇರೆ ರಾಜ್ಯದವರಿಗೆ ಫೀಸು ಎರಡು ಪಟ್ಟು, ಕೆಲವು ಕಡೆ ಮೂರು ಪಟ್ಟು. ಅಮೆರಿಕದಲ್ಲಿರುವ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಮಕ್ಕಳ ಕಾಲೇಜು ಹುಡುಕುವಾಗ ನಾವೆಲ್ಲ ಮೊದಲು ನೋಡುವುದೇ ಅದನ್ನು. ರಾತ್ರಿ ಪಾಳಿ ಮಾಡುವ ಒಬ್ಬಳು ನರ್ಸ್ ಅಷ್ಟು ದುಡ್ಡು ಎಲ್ಲಿಂದ ತರಬೇಕು? ಹೊರ ರಾಜ್ಯದ ಹುಡುಗನಿಗೆ ವಾಕ್-ಆನ್ ಅನ್ನುವುದು ಬಾಗಿಲು ತೆರೆದು ನಿಂತು ಒಳಗೆ ಬರಬೇಡ ಅಂದ ಹಾಗೆ.

ಅವತ್ತು ರಾತ್ರಿ ಅವನು ನಮ್ಮ ಮನೆಗೆ ಬಂದ. ಅಡುಗೆಮನೆಯ ಸ್ಟೂಲ್ ಮೇಲೆ ಕೂತ. ಚಿತ್ರಾನ್ನ ಹಾಕಿ ಕೊಟ್ಟೆ. ಚಮಚ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ, ತಿನ್ನಲಿಲ್ಲ. ಆಂಟಿ, ನಾನು ಬೇಡ ಅಂದ ಕಾಲೇಜುಗಳಿಗೆ ಈಗ ಫೋನ್ ಮಾಡಿದರೆ ಏನಂತಾರೆ ಅಂತ ಕೇಳಿದ. ಮಾಡಿದ. ನಾಲ್ಕೂ ಕಡೆ ಜಾಗ ತುಂಬಿತ್ತು.

ಅವನ ಒಬ್ಬನ ಕಥೆ ಹಿಡಿದು ಇಡೀ ವ್ಯವಸ್ಥೆಯನ್ನು ಬೈಯುತ್ತೀರಾ ಅಂತ ಯಾರಾದರೂ ಕೇಳಬಹುದು. ಒಳ್ಳೆಯ ಕಥೆಗಳೂ ಇವೆ, ನಾನು ಇಲ್ಲ ಅನ್ನುವುದಿಲ್ಲ. ಜಾಶ್ ಆಲೆನ್ ಕ್ಯಾಲಿಫೋರ್ನಿಯಾದ ಫೈರ್‌ಬಾ ಅನ್ನುವ ಸಣ್ಣ ಊರಿನ ರೈತನ ಮಗ. ಹೈಸ್ಕೂಲ್ ಮುಗಿಸಿದಾಗ ಒಂದು ದೊಡ್ಡ ಕಾಲೇಜೂ ಅವನನ್ನು ಕರೆಯಲಿಲ್ಲ. ರೀಡ್ಲಿ ಊರಿನ ಎರಡು ವರ್ಷದ ಕಾಲೇಜಿಗೆ ಸೇರಿ, ಅಲ್ಲಿಂದ ತಾನೇ ಕೋಚ್‌ಗಳಿಗೆ ಇಮೇಲ್ ಮೇಲೆ ಇಮೇಲ್ ಬರೆದ. ಕೊನೆಗೆ ಕೈ ಹಿಡಿದದ್ದು ವಯೋಮಿಂಗ್. ಇಡೀ ರಾಜ್ಯದಲ್ಲಿ 6 ಲಕ್ಷ ಜನ ಇಲ್ಲ, ಹೊರಗಿನ ಹುಡುಗರನ್ನು ಹುಡುಕದೆ ಅವರಿಗೆ ತಂಡವೇ ಆಗುವುದಿಲ್ಲ. ಇನ್ನೊಂದು ಕಾಲೇಜೂ ಆಫರ್ ಕೊಟ್ಟಿತ್ತು, ಅವನು ವಯೋಮಿಂಗ್ ನೋಡಿ ಬಂದ ಅಂತ ಗೊತ್ತಾದ ಮೇಲೆ ವಾಪಸ್ ತೆಗೆದುಕೊಂಡಿತು. ವಯೋಮಿಂಗ್ ತನ್ನ ಮಾತು ಉಳಿಸಿಕೊಂಡಿತು. 2018ರಲ್ಲಿ ಅವನು ಬಫಲೊ ತಂಡಕ್ಕೆ ಆಯ್ಕೆಯಾದ, 2024ರ ಸೀಸನ್‌ನಲ್ಲಿ ಎನ್‌ಎಫ್‌ಎಲ್ ಅನ್ನುವ ವೃತ್ತಿಪರ ಲೀಗಿನ ಅತ್ಯುತ್ತಮ ಆಟಗಾರನಾದ.

ಟುವಾ ಟಗೊವೈಲೊವಾ ಅನ್ನುವ ಕ್ವಾರ್ಟರ್‌ಬ್ಯಾಕ್ ಹವಾಯಿಯಿಂದ ಅಲಬಾಮಾಕ್ಕೆ ಬಂದ, ಹೆಚ್ಚು ಕಡಿಮೆ 7000 ಕಿಲೋಮೀಟರ್. ಅವನ ತಂದೆ ತಾಯಿ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಅವನ ಹಿಂದೆಯೇ ಅಲಬಾಮಾಕ್ಕೆ ಬಂದು ನೆಲೆಸಿದರು. 2018ರ ಜನವರಿಯಲ್ಲಿ ಕಾಲೇಜುಗಳ ರಾಷ್ಟ್ರಮಟ್ಟದ ಫೈನಲ್‌ನ ಅರ್ಧ ಆಟ ಮುಗಿದ ಮೇಲೆ ಇಳಿದು ಜಾರ್ಜಿಯಾ ವಿರುದ್ಧ 26-23ರಲ್ಲಿ ಗೆಲ್ಲಿಸಿದ್ದನ್ನು ನಾವು ಟೀವಿಯಲ್ಲಿ ನೋಡಿದ್ದೆವು. ಆದರೆ ಎಷ್ಟು ಮನೆಯವರು ಹಾಗೆ ಗಂಟುಮೂಟೆ ಕಟ್ಟಿಕೊಂಡು ಮಗನ ಹಿಂದೆ ಹೋಗಬಲ್ಲರು?

ಬಾಯಿಮಾತು ಎಷ್ಟು ಹಗುರ ಅನ್ನುವುದಕ್ಕೆ ಡೇವಿಡ್ ಸಿಲ್ಸ್ ಕಥೆ ಇದೆ. ಡೆಲವೇರ್‌ನ ಹುಡುಗ. 2010ರಲ್ಲಿ ಅವನಿಗೆ 13 ವರ್ಷ, ಓದುತ್ತಿದ್ದದ್ದು 7ನೇ ಕ್ಲಾಸು. ದೇಶದ ಇನ್ನೊಂದು ತುದಿಯ ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಆಗಿನ ಕೋಚ್ ಲೇನ್ ಕಿಫಿನ್ ಅವನಿಗೆ ಬಾಯಲ್ಲಿ ಆಫರ್ ಕೊಟ್ಟರು, ಅವನು ಒಪ್ಪಿಯೂ ಬಿಟ್ಟ. ದೇಶವೆಲ್ಲ ಸುದ್ದಿ. 2013ರಲ್ಲಿ ಕಿಫಿನ್ ಅವರನ್ನು ಆ ಕಾಲೇಜು ತೆಗೆದುಹಾಕಿತು. ಹುಡುಗ ಕೊನೆಗೆ ವೆಸ್ಟ್ ವರ್ಜೀನಿಯಾ ಸೇರಿದ, ಕ್ವಾರ್ಟರ್‌ಬ್ಯಾಕ್ ಬಿಟ್ಟು ಚೆಂಡು ಹಿಡಿಯುವ ರಿಸೀವರ್ ಆಗಿ ಹೆಸರು ಮಾಡಿದ. ಅವನ ಶ್ರಮ, ಅವನು ಮೇಲೆ ಬಂದ. ಆದರೆ ಏಳನೇ ಕ್ಲಾಸಿನ ಮಗುವಿಗೆ ದೊಡ್ಡವರು ಕೊಟ್ಟ ಆ ಮಾತಿಗೆ ಯಾರು ಹೊಣೆ?

ಹುಡುಗರೂ ಮಾತು ತಪ್ಪುತ್ತಾರೆ ಅಂತ ಕೋಚ್‌ಗಳು ಹೇಳುತ್ತಾರೆ. ಹೌದು, ತಪ್ಪುತ್ತಾರೆ. ಇವತ್ತು ಒಂದು ಟೋಪಿ, ನಾಳೆ ಇನ್ನೊಂದು. 2018ರಲ್ಲಿ ಪೋರ್ಟಲ್ ಬಂದ ಮೇಲೆ, 2021ರ ಜುಲೈಯಿಂದ ಹುಡುಗರು ತಮ್ಮ ಹೆಸರಿನ ಮೇಲೆ ದುಡ್ಡು ಮಾಡಬಹುದು ಅಂತಾದ ಮೇಲೆ, ಅದು ಇನ್ನೂ ಜಾಸ್ತಿಯಾಗಿದೆ. ಸೋತರೆ ಕೋಚ್ ಕೆಲಸ ಹೋಗುತ್ತದೆ, ಅವರ ಕಷ್ಟ ಅವರಿಗೆ. ಆದರೂ ಎರಡೂ ಒಂದೇ ಅಂತ ನಾನು ಒಪ್ಪುವುದಿಲ್ಲ. ಹುಡುಗ ಕೈಕೊಟ್ಟರೆ ಕಾಲೇಜಿಗೆ ಪೋರ್ಟಲ್‌ನಲ್ಲಿ ಇನ್ನೊಬ್ಬ ಸಿಗುತ್ತಾನೆ. ಕಾಲೇಜು ಕೈಕೊಟ್ಟರೆ ಹುಡುಗನಿಗೆ ಆ ವರ್ಷ ಇನ್ನೊಂದು ಕಾಲೇಜು ಸಿಗುವುದಿಲ್ಲ.

ದುಡ್ಡಿಲ್ಲ ಅನ್ನುವ ಹಾಗೂ ಇಲ್ಲ. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಒಂದು ರಾಜಿಯ ಪ್ರಕಾರ ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷದ ಮಿತಿ ಒಂದೊಂದು ಕಾಲೇಜಿಗೆ 2 ಕೋಟಿ 5 ಲಕ್ಷ ಡಾಲರ್, ಎಲ್ಲ ಆಟಗಳೂ ಸೇರಿ. ಮೊದಲು ಫುಟ್‌ಬಾಲ್ ತಂಡಕ್ಕೆ 85 ಸ್ಕಾಲರ್‌ಶಿಪ್ ಅಂತ ಮಿತಿ ಇತ್ತು. ಈ ರಾಜಿಗೆ ಸೇರಿದ ಕಾಲೇಜುಗಳು ಈಗ 105 ಜನರ ತಂಡ ಕಟ್ಟಿ ಎಲ್ಲರಿಗೂ ಸ್ಕಾಲರ್‌ಶಿಪ್ ಕೊಡಬಹುದು. ಇಷ್ಟೆಲ್ಲ ಬದಲಾಯಿತು. ಸಹಿಯ ಕ್ರಮವೂ ಬದಲಾಯಿತು, 1964ರಿಂದ ಇದ್ದ ಲೆಟರ್ ಆಫ್ ಇಂಟೆಂಟ್ ಅನ್ನುವ ಒಪ್ಪಂದವನ್ನು 2024ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿದರು. ಆದರೆ ಜೂನ್‌ನಲ್ಲಿ ಬಾಯಲ್ಲಿ ಕೊಟ್ಟ ಮಾತಿಗೆ ಡಿಸೆಂಬರ್‌ವರೆಗೆ ಬೆಲೆ ಇಲ್ಲದಿರುವುದು ಮಾತ್ರ ಹಾಗೇ ಇದೆ.

ನಾನು ಕೇಳುವುದು ದೊಡ್ಡದೇನಲ್ಲ. ಬೇರೆ ರಾಜ್ಯದ ಹುಡುಗ ಒಪ್ಪಿದ್ದಾನೆ ಅಂದರೆ ಆಗಸ್ಟ್‌ನಲ್ಲೇ ಇಬ್ಬರೂ ಸಹಿ ಹಾಕಲಿ. ಆಮೇಲೆ ಕಾಲೇಜಿಗೆ ಅವನು ಬೇಡವಾದರೆ, ತಂಡದಲ್ಲಿ ಇಟ್ಟುಕೊಳ್ಳದಿದ್ದರೂ ಒಂದು ವರ್ಷದ ಫೀಸು ಕೊಡಲಿ. ಓದಿಕೊಂಡು ಇರಲಿ, ಇಲ್ಲವೇ ಬೇರೆ ಕಡೆ ನೋಡಿಕೊಳ್ಳಲಿ. ಫೀಸು ಕಟ್ಟಬೇಕಾಗುತ್ತದೆ ಅಂತ ಗೊತ್ತಿದ್ದರೆ ಕೋಚ್‌ಗಳು ಯಾರದೋ ಮನೆಯ ಸೋಫಾದಲ್ಲಿ ಕೂತು ಗಟ್ಟಿ ಅನ್ನುವ ಮುಂಚೆ ಒಂದು ನಿಮಿಷ ಯೋಚನೆ ಮಾಡುತ್ತಾರೆ.

ಇದನ್ನು ಕನ್ನಡದಲ್ಲಿ, ನಿಮ್ಮ ಪತ್ರಿಕೆಗೆ ಯಾಕೆ ಬರೆಯುತ್ತಿದ್ದೇನೆ ಅಂತ ನಮ್ಮ ಮನೆಯವರೂ ಕೇಳಿದರು. ಒಂದು, ಇಲ್ಲಿ ನಮ್ಮ ಕನ್ನಡದ ಮನೆಗಳ ಮಕ್ಕಳೂ ಈಗ ಶಾಲಾ ತಂಡಗಳಲ್ಲಿ ಆಡುತ್ತಿದ್ದಾರೆ, ಅವರ ಅಪ್ಪ ಅಮ್ಮಂದಿರಿಗೆ ಈ ಆಟದ ಒಳಗಿನ ವ್ಯವಹಾರ ಗೊತ್ತಿಲ್ಲ. ಅವರಿಗೆ ಹೇಳುತ್ತೇನೆ. ಕಾಗದ ಬಂದರೆ ಪೂರ್ತಿ ಓದಿ. ಸ್ಕಾಲರ್‌ಶಿಪ್ಪಾ ವಾಕ್-ಆನ್ನಾ ಅಂತ ನೇರವಾಗಿ ಕೇಳಿ, ಸಹಿ ಹಾಕುವವರೆಗೆ ಬೇರೆ ಕಾಲೇಜಿನವರ ಫೋನ್ ಎತ್ತುವುದನ್ನು ನಿಲ್ಲಿಸಬೇಡಿ. ಓದನ್ನು ಬಿಡಿಸಬೇಡಿ. ದೊಡ್ಡ ಕಾಲೇಜುಗಳ ತಂಡದಲ್ಲಿ ಮೊದಲ ವರ್ಷವೇ ಆಡಬೇಕಾದರೆ ಹೈಸ್ಕೂಲಿನಲ್ಲಿ 16 ಮುಖ್ಯ ವಿಷಯಗಳ ಕೋರ್ಸ್ ಮುಗಿಸಿ, ಅವುಗಳಲ್ಲಿ ಕನಿಷ್ಠ 2.3 ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಇರಬೇಕು. ಅದರಲ್ಲಿ 10 ಕೋರ್ಸ್ ಕೊನೆಯ ವರ್ಷಕ್ಕೆ ಮುಂಚೆಯೇ ಮುಗಿದಿರಬೇಕು. ಕೊನೆಗೆ ಗೊತ್ತಾದರೆ ಏನೂ ಮಾಡಲು ಆಗುವುದಿಲ್ಲ.

ಇನ್ನೊಂದು ಕಾರಣ ನಮ್ಮ ಅಣ್ಣ. ಅವನು ಕಬಡ್ಡಿ ಆಡುತ್ತಿದ್ದ. ಬೇರೆ ಜಿಲ್ಲೆಯ ಒಂದು ಕಾಲೇಜಿನವರು ಊರಿಗೇ ಬಂದು, ಸೀಟು ಫ್ರೀ, ಹಾಸ್ಟೆಲ್ ಫ್ರೀ ಅಂತ ಅಪ್ಪನ ಎದುರು ಹೇಳಿ ಕರೆದುಕೊಂಡು ಹೋದರು. ಎರಡನೇ ವರ್ಷ ಮಂಡಿಗೆ ಏಟಾಯಿತು. ಆಡಲು ಆಗುವುದಿಲ್ಲ ಅಂತ ಗೊತ್ತಾದ ತಿಂಗಳೇ ಹಾಸ್ಟೆಲ್ ಬಿಲ್ಲು ಕೈಗೆ ಕೊಟ್ಟರು, ಹಿಂದಿನ ಬಾಕಿ ಸೇರಿಸಿ. ಅಪ್ಪ ಹೋಗಿ, ನೀವೇ ಹೇಳಿದ್ದಿರಲ್ಲ ಸ್ವಾಮಿ ಅಂದರೆ, ಬರವಣಿಗೆಯಲ್ಲಿ ಏನಾದರೂ ಇದೆಯಾ ಅಂತ ಕೇಳಿದರಂತೆ. ಆ ವರ್ಷದ ಕೊಬ್ಬರಿ ದುಡ್ಡು ಪೂರ್ತಿ ಅದಕ್ಕೇ ಹೋಯಿತು. ಕೋಚ್ ಆ ಸೋಫಾದಲ್ಲಿ ಕೂತು ಗಟ್ಟಿ ಅಂದಾಗ ನನಗೆ ಅಪ್ಪ ಜಗುಲಿಯಲ್ಲಿ ಕೂತು ತಲೆ ಆಡಿಸಿದ್ದೇ ಕಣ್ಣ ಮುಂದೆ ಬಂದಿತ್ತು.

ನಮ್ಮಲ್ಲೂ ಈಗ ಎಷ್ಟೋ ಕಾಲೇಜುಗಳು ಕ್ರೀಡಾ ಕೋಟಾದಲ್ಲಿ ದೂರದ ಮಕ್ಕಳನ್ನು ತರುತ್ತಿವೆ. ಕಾಲ್ಚೆಂಡಿಗೆ ಮಣಿಪುರ, ಮಿಜೋರಾಂ, ಕೇರಳದ ಹುಡುಗರು ಬೆಂಗಳೂರಿಗೆ ಬರುತ್ತಾರೆ. ತರಲಿ, ಬಹಳ ಒಳ್ಳೆಯದು. ನಿಮ್ಮ ಓದುಗರು ಹೇಳಿದ ಹಾಗೆ ಅಮೆರಿಕ ನೋಡಿ ಕಲಿಯುವುದಾದರೆ ಆ ಮನೆ ಬಾಗಿಲಿಗೆ ಹೋಗುವ ಉತ್ಸಾಹವನ್ನು ಕಲಿಯಲಿ. ಫೀಸು ಎಷ್ಟು ವರ್ಷ, ಏಟಾದರೆ ಏನು, ಕೋಚ್ ಬದಲಾದರೆ ಏನು ಅನ್ನುವುದನ್ನು ಅಪ್ಪ ಅಮ್ಮನಿಗೆ ಓದಲು ಬರುವ ಭಾಷೆಯಲ್ಲಿ ಒಂದು ಹಾಳೆ ಬರೆದು ಕೊಟ್ಟು ಕರೆದುಕೊಂಡು ಹೋಗಲಿ.

ಆ ಹುಡುಗ ಏನಾದ ಅಂತ ಕೇಳುತ್ತೀರಿ. ಇಲ್ಲೇ ಟೆಕ್ಸಸ್‌ನ ಎರಡು ವರ್ಷದ ಕಾಲೇಜಿಗೆ ಸೇರಿದ. ಅಲ್ಲಿಂದ ಈಗ ಒಕ್ಲಹೋಮಾದ ಒಂದು ಸಣ್ಣ ಕಾಲೇಜಿನಲ್ಲಿ ಆಡುತ್ತಿದ್ದಾನೆ, ಫೀಸಿನ ಅರ್ಧ ಕಾಲೇಜು ಕೊಡುತ್ತದೆ, ಉಳಿದದ್ದು ಸಾಲ. ಸಿವಿಲ್ ಎಂಜಿನಿಯರಿಂಗ್ ಓದಬೇಕು ಅಂತಿದ್ದ, ಆ ಕಾಲೇಜಿನಲ್ಲಿ ಅದು ಇಲ್ಲ. ಅವನ ತಾಯಿ ಇನ್ನೂ ರಾತ್ರಿ ಪಾಳಿಯಲ್ಲೇ ಇದ್ದಾರೆ. ನೀಲಿ ಫೋಲ್ಡರ್ ಏನು ಮಾಡಿದಿರಿ ಅಂತ ಒಮ್ಮೆ ಕೇಳಿದೆ. ಬಿಸಾಡಿಲ್ಲ, ಬೀರುವಿನ ಮೇಲಿದೆ, ಅದರಲ್ಲಿ ಈಗ ಅವನ ಸಾಲದ ಕಾಗದ ಇಟ್ಟಿದ್ದೇನೆ ಅಂದರು. ಈ ಶನಿವಾರ ಅವನ ಆಟ ಇದೆ. ಮೂರು ಗಂಟೆ ದಾರಿ, ಅವರು ಪಾಳಿ ಮುಗಿಸಿ ನೇರವಾಗಿ ನಮ್ಮ ಮನೆಗೆ ಬರುತ್ತಾರೆ, ಕಾರು ನಾನು ಓಡಿಸುತ್ತೇನೆ. ಚಿತ್ರಾನ್ನ ಡಬ್ಬಿಗೆ ಹಾಕಿಕೊಂಡು ಹೋಗಬೇಕು.

ಇತಿ,
ಅರಸೀಕೆರೆ ತಾಲ್ಲೂಕಿನ ಒಬ್ಬ ಓದುಗಿ
ಡಲ್ಲಾಸ್ ಬಳಿ, ಟೆಕ್ಸಸ್